ಈ ವರ್ಷವೂ ಸ್ವಲ್ಪವೇ

ಐನ್ ಸಫ್ಸಾಫ್, ಕೆಫ್
೧೮ ನವೆಂಬರ್ ೧೯೯೦

ಬಾಬಾನಿಗೆ ಸಲಾಮು.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು, ನನ್ನ ಅತ್ತೆ ಹ್ಲೀಮಾ, ನಾಲ್ಕು ಕುರಿ, ಮತ್ತು ಯಾರ ಮಾತನ್ನೂ ಕೇಳದ ಒಂದು ಹೇಸರಗತ್ತೆ. ಗುಣ ನೋಡಿದರೆ ಅದು ನಿನ್ನ ಕಡೆಯ ನೆಂಟನಿರಬೇಕು.

ಎರಡು ವರ್ಷದಿಂದ ನಾವಿಬ್ಬರೂ ಹಬ್ಬಕ್ಕೊಂದು ಕಾರ್ಡು, ಕಾರ್ಡಿಗೆ ಎರಡು ಸಾಲು ಎಂದು ಕಾಲ ತಳ್ಳಿದ್ದೇವೆ. ಬೂಜಮಾ ತೀರಿಕೊಂಡ ಮೇಲೆ ನೀನು ಬಂದು, "ಬಟ್ಟೆ ಗಂಟು ಕಟ್ಟು, ಟ್ಯೂನಿಸ್‌ಗೆ ಹೋಗೋಣ, ಶಾಲೇಲಿ ಕೆಲಸ ಕೊಡಿಸ್ತೀನಿ" ಅಂದೆ. "ಗೋಧಿ ಯಾರು ನೋಡ್ಕೋತಾರೆ ಬಾಬಾ?" ಅಂದೆ ನಾನು. ನೀನು ಟೋಪಿ ತಲೆಗಿಟ್ಟುಕೊಂಡು ಹೊರಟವನು ತಿರುಗಿ ನೋಡಲಿಲ್ಲ. ಗಂಡ ಸತ್ತವಳು ಗೋಧಿಯ ಮಾತಾಡುತ್ತಾಳಲ್ಲ ಎಂದು ನಿನಗೆ ಸಿಟ್ಟು. ದೇಶದ ಗೋಧಿಯನ್ನೆಲ್ಲ ಲೆಕ್ಕ ಹಾಕುವವನಿಗೆ ಮಗಳ ಗೋಧಿ ಕಾಣಲಿಲ್ಲವಲ್ಲ ಎಂದು ನನಗೆ ಸಿಟ್ಟು. ಯಾರು ಮೊದಲು ಉದ್ದದ ಪತ್ರ ಬರೆಯುತ್ತಾರೆ ಎಂದು ಹಟ ಹಿಡಿದು ಕೂತೆವು. ನಾನು ಸೋತೆ ಎಂದೇ ಅಂದುಕೋ, ನನಗೇನೂ ಬೇಸರವಿಲ್ಲ.

ಮಳೆ ಬಂತು, ಬಿತ್ತನೆ ಮುಗಿಯಿತು. ಕೆಳಗಿನ ಹೊಲಕ್ಕೆ ಗಟ್ಟಿ ಗೋಧಿ, ಗುಡ್ಡದ ಪಟ್ಟಿಗೆ ಬಾರ್ಲಿ. ಪಕ್ಕದ ಮನೆಯ ಮಬ್ರೂಕಾ ಗೋಡೆಯ ಆಚೆಯಿಂದ, "ಎಷ್ಟು ಬಿತ್ತಿದ್ರಿ?" ಎಂದು ಕೇಳಿದಳು. ನಾನು ಬಾಯಿ ತೆಗೆಯುವುದರೊಳಗೆ ಅತ್ತೆ, "ಸ್ವಲ್ಪ ಕಣಮ್ಮ, ದೇವರ ದಯೆ, ಏನೋ ಸ್ವಲ್ಪ" ಎಂದು ನನ್ನ ಕಾಲು ತುಳಿದಳು. ಆಮೇಲೆ ಒಳಗೆ ಬಂದು ಬೈಗುಳ. "ಪಟ್ಟಣದವಳೇ, ಬೆಳೆ ಎಷ್ಟಿದೆ ಅಂತ ಬಾಯಿಬಿಟ್ಟು ಹೇಳ್ತಾರೇನೇ? ದೃಷ್ಟಿ ತಾಗಿದ್ರೆ ನಿಮ್ಮಪ್ಪ ಬಂದು ತೆಗೀತಾನಾ?"

ಆದ್ದರಿಂದ ನಿನಗೂ ಬರೆಯುತ್ತಿದ್ದೇನೆ: ಬಿತ್ತಿದ್ದು ಸ್ವಲ್ಪ.

ಕುಯ್ಲಿಗೆ ಬಾ ಬಾಬಾ. ಜೂನ್ ಕೊನೆಗೆ. ಜಗಳ ಬೇಕಿದ್ದರೆ ಕಣದಲ್ಲೇ ಕೂತು ಆಡೋಣ, ಅಲ್ಲಿ ಗಾಳಿ ಚೆನ್ನಾಗಿರುತ್ತದೆ.

ನಿನ್ನ ಮಗಳು,
ಜಾಝಿಯಾ

*

ಬಾರ್ದೋ, ಟ್ಯೂನಿಸ್
೯ ಡಿಸೆಂಬರ್ ೧೯೯೦

ಪ್ರಿಯ ಮಗಳು ಜಾಝಿಯಾಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಹೇಸರಗತ್ತೆಯ ವಿಷಯ ಓದಿದೆ. ನೆಂಟಸ್ತಿಕೆ ಒಪ್ಪಿಕೊಂಡಿದ್ದೇನೆ.

ಬೇಗ ಉತ್ತರಿಸಲಾಗಲಿಲ್ಲ, ತಪ್ಪು ತಿಳಿಯಬೇಡ. ಕೆಲಸ ತಲೆಯ ಮೇಲಿದೆ. ಸ್ವಾತಂತ್ರ್ಯ ಬಂದಲ್ಲಿಂದ ಈವರೆಗೆ ದೇಶದಲ್ಲಿ ಎಷ್ಟು ಧಾನ್ಯ ಬೆಳೆಯಿತು ಎಂಬುದನ್ನು ಒಂದೇ ಗೆರೆಯಾಗಿ ಎಳೆದು, ಅದರ ಹಿಂದೆ ವರದಿ ಬರೆಯಬೇಕು ಎಂದು ಮೇಲಿನಿಂದ ಅಪ್ಪಣೆಯಾಗಿದೆ. ನಾನು ಬರುವ ಸೆಪ್ಟೆಂಬರಿಗೆ ನಿವೃತ್ತ. ಕೊನೆಯ ಕೆಲಸ ಇದೇ ಎಂದು ನನಗೇ ಕೊಟ್ಟಿದ್ದಾರೆ. ನಮ್ಮ ಶಾಖೆಯ ರಿದಾ ಎಂಬ ಹುಡುಗ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದು ಬೆಳಿಗ್ಗೆಯಲ್ಲಿ ಮಾಡುತ್ತೇನೆ ಎನ್ನುತ್ತಾನೆ. ಮಾಡಲಿ. ನಾನು ಗ್ರಾಫ್ ಹಾಳೆಗಳನ್ನು ಅಂಟಿಸಿ ಊಟದ ಮೇಜಿನ ಉದ್ದಕ್ಕೂ ಹಾಸಿದ್ದೇನೆ. ತಟ್ಟೆ ಇಡಲು ಒಂದು ಮೂಲೆ ಉಳಿದಿದೆ, ನನಗೆ ಅಷ್ಟು ಸಾಕು.

ನಿನ್ನ ಅತ್ತೆಯ "ಸ್ವಲ್ಪ" ಓದಿ ನಕ್ಕೆ. ನಿನಗೆ ಗೊತ್ತಿದೆಯಲ್ಲ, ಕಚೇರಿಯಲ್ಲಿ ನನ್ನ ಅಡ್ಡಹೆಸರೇ, ಮರ್ಯಾದೆಯ "ಸಿ" ಸಮೇತ, "ಹತ್ತನೇ ಒಂದರ ಸಿ ಲಮೀನ್". ನಮ್ಮ ರೈತರು ಯಾವತ್ತೂ ಇದ್ದುದನ್ನು ಇದ್ದಷ್ಟು ಹೇಳುವವರಲ್ಲ. ತೆನೆ ಬಾಗಿ ನೆಲ ಮುಟ್ಟುತ್ತಿದ್ದರೂ "ಸ್ವಲ್ಪ, ದೇವರ ದಯೆ" ಎನ್ನುತ್ತಾರೆ. ಆದ್ದರಿಂದ ಅವರು ಹೇಳಿದ್ದಕ್ಕೆ ಹತ್ತನೇ ಒಂದು ಪಾಲು ಸೇರಿಸಿ ಬರೆಯಬೇಕೆಂದು ಈ ಶಾಖೆಗೆ ಸೇರಿದ ಹೊಸದರಲ್ಲೇ ವಾದ ಮಾಡಿ ಗೆದ್ದವನು ನಾನು. ಅಂದಿನಿಂದ ಅದೇ ನಡೆದು ಬಂದಿದೆ. ಹ್ಲೀಮಾಬೀಬಿಗೆ ಹೇಳು, ಅವಳು ಬಚ್ಚಿಟ್ಟದ್ದನ್ನು ನಾನು ಇಲ್ಲಿ ಹೊರತೆಗೆದು ದೇಶದ ರಾಶಿಗೆ ಸೇರಿಸಿದ್ದೇನೆ.

ನನ್ನ ಬಗ್ಗೆ ಚಿಂತೆ ಬೇಡ. ಹಳೆಯ ಸ್ನೇಹಿತರು ಸಂಜೆಯಾದರೆ ಇಸ್ಪೀಟಿಗೆ ಬರುತ್ತಾರೆ. ಮನೆ ತುಂಬ ಜನ, ಕೂರಲು ಕುರ್ಚಿ ಸಾಲದು. ನಿನ್ನ ಅಮ್ಮ ಇದ್ದಿದ್ದರೆ ಚಹಾ ಮಾಡಿ ಮಾಡಿ ಸುಸ್ತಾಗುತ್ತಿದ್ದಳು.

ಶಾಲೆಯ ಕೆಲಸದ ಮಾತನ್ನು ಇನ್ನು ಎತ್ತುವುದಿಲ್ಲ. ಅಂದು ಒಪ್ಪಿದ್ದರೆ ಈ ಹೊತ್ತಿಗೆ ನೀನು ಮುಖ್ಯೋಪಾಧ್ಯಾಯಿನಿ ಆಗಿರುತ್ತಿದ್ದೆ, ಅಷ್ಟೇ. ಕುಯ್ಲಿಗೆ ಬರಲು ಪ್ರಯತ್ನಿಸುತ್ತೇನೆ.

ಇತಿ ನಿನ್ನ ತಂದೆ,
ಲಮೀನ್

*

ಐನ್ ಸಫ್ಸಾಫ್
೩ ಮಾರ್ಚ್ ೧೯೯೧

ಬಾಬಾ,

ಮಾತನ್ನು ಎತ್ತುವುದಿಲ್ಲ ಎನ್ನುತ್ತಲೇ ಎತ್ತಿದ್ದನ್ನು ಗಮನಿಸಿದ್ದೇನೆ.

ಚಳಿಗಾಲ ದೊಡ್ಡದಾಗಿತ್ತು. ಹಿಮ ಬಿದ್ದು ದಾರಿ ಮುಚ್ಚಿ, ಅಂಚೆಯವನು ಈ ಕಡೆ ತಲೆ ಹಾಕಿಯೇ ಇರಲಿಲ್ಲ. ಅತ್ತೆ ಮಲಗುವುದು ಬೇಗ. ಆಮೇಲೆ ಮನೆಯಲ್ಲಿ ಒಲೆಯದೊಂದೇ ಮಾತು. ನಾನು ನಿನ್ನ ಗೆರೆಯ ಬಗ್ಗೆ ಯೋಚಿಸುತ್ತಿದ್ದೆ. ಅದು ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ನೀನು ಬರೆಯಲೇ ಇಲ್ಲ. ಅತ್ತೆಗೆ ವಿವರಿಸಲು ಹೋದೆ. "ದೇಶದ ಗೋಧಿಯನ್ನೆಲ್ಲ ಒಂದು ಗೆರೆ ಮಾಡಿದಾನಾ? ಆ ಗೆರೇನ ಬೀಸಿದ್ರೆ ಎಷ್ಟು ಹಿಟ್ಟು ಬರುತ್ತೆ ಕೇಳು" ಅಂದಳು. ಕೇಳಿದ್ದೇನೆ, ಉತ್ತರ ಬರೆ.

ಈ ವರ್ಷದ ಮಳೆ ನೋಡಿದರೆ ನನಗೇ ಭಯವಾಗುತ್ತದೆ. ಬೇಕೆಂದಾಗ ಬರುತ್ತದೆ, ಸಾಕೆಂದಾಗ ನಿಲ್ಲುತ್ತದೆ. ಪೈರು ಹೇಗಿದೆ ಎಂದು ಬರೆಯುವುದಿಲ್ಲ. ಸ್ವಲ್ಪ ಇದೆ.

ಮೊನ್ನೆ ಒಂದು ವಿಷಯ ನಡೆಯಿತು. ಮಬ್ರೂಕಾಳ ಗಂಡ ತಿಂಗಳಿಂದ ಹಾಸಿಗೆ ಹಿಡಿದಿದ್ದಾನೆ. ಅವಳ ಮನೆಯಲ್ಲಿ ಎಣ್ಣೆ ಮುಗಿದದ್ದು ಊರಿಗೆಲ್ಲ ಗೊತ್ತು. ಅತ್ತೆ ಬಾವಿಯ ಹತ್ತಿರ, "ಎಣ್ಣೆ ಇದೆಯೇನೇ?" ಎಂದು ಕೇಳಿದಳು. ಮಬ್ರೂಕಾ ನಗುನಗುತ್ತಾ, "ಬೇಕಾದಷ್ಟಿದೆ ಹ್ಲೀಮಾಬೀಬಿ, ಜಾಡಿಗಳೇ ಸಾಲ್ತಿಲ್ಲ" ಅಂದಳು. ಅತ್ತೆ ಮನೆಗೆ ಬಂದು ಒಂದು ಬಾಟಲಿಗೆ ಎಣ್ಣೆ ತುಂಬಿ, ಅವಳು ಕುರಿಯ ಹಿಂದೆ ಹೋದ ಸಮಯ ನೋಡಿ ಅವಳ ಹೊಸ್ತಿಲ ಮೇಲೆ ಇಟ್ಟು ಬಂದಳು. "ಇದ್ದೋಳು ಇಷ್ಟು ಜೋರಾಗಿ ಇದೆ ಅನ್ನಲ್ಲ" ಎಂದಳು. ಬಾಟಲಿಯ ಮಾತು ಇಬ್ಬರೂ ಮತ್ತೆ ಆಡಿಲ್ಲ. ನನಗೆ ಈ ಊರು ಇಷ್ಟವಾಗುವುದು ಇಂಥದ್ದಕ್ಕೆ.

ರಮದಾನ್ ಬರುತ್ತಿದೆ. ಉಪವಾಸ ಬಿಡುವ ಹೊತ್ತಿಗೆ ನಿನಗೆ ಸಾರು ಯಾರು ಮಾಡುತ್ತಾರೆ?

ನಿನ್ನ,
ಜಾಝಿಯಾ

*

ಬಾರ್ದೋ, ಟ್ಯೂನಿಸ್
೨೧ ಏಪ್ರಿಲ್ ೧೯೯೧

ಪ್ರಿಯ ಜಾಝಿಯಾ,

ಹಬ್ಬದ ಶುಭಾಶಯ. ರಮದಾನ್ ಚೆನ್ನಾಗಿ ಕಳೆಯಿತು. ಸಾರಿನ ಚಿಂತೆ ನಿನಗೆ ಬೇಡ, ದಿನಕ್ಕೊಂದು ಮನೆಯವರು ಕರೆಯುತ್ತಿದ್ದರು. ಯಾರಿಗೆ ಹೂಂ ಅನ್ನುವುದು ಯಾರಿಗೆ ಊಹೂಂ ಅನ್ನುವುದು ಎಂಬುದೇ ಕಷ್ಟವಾಗಿತ್ತು. ಹಬ್ಬದ ದಿನವಂತೂ ಕಾಲಿಡಲು ಜಾಗವಿರಲಿಲ್ಲ.

ಗೆರೆಯ ವಿಷಯ ಕೇಳಿದ್ದೀ. ಯಾರೂ ಕೇಳುವುದಿಲ್ಲ, ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ, ಬೇಸರವಾದರೆ ಅತ್ತೆಗೆ ಓದಿ ಹೇಳಿ ನಿದ್ದೆ ಬರಿಸು.

ದೂರದಿಂದ ನೋಡಿದರೆ ಅದು ಮೇಲೆ ಹೋಗುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಹೆಕ್ಟೇರಿಗೆ ಬರುತ್ತಿದ್ದುದಕ್ಕೆ ಹೋಲಿಸಿದರೆ ಈಗಿನ ಬೆಳೆ ಬಹಳ ಹೆಚ್ಚು. ಗಿಡ್ಡ ಗೋಧಿ ಬಂತು, ಗೊಬ್ಬರ ಬಂತು, ಟ್ರ್ಯಾಕ್ಟರ್ ಬಂತು. ಹತ್ತಿರ ಹೋಗಿ ನೋಡಿದರೆ ಮಾತ್ರ ಅದು ಗೆರೆಯೇ ಅಲ್ಲ, ಕುಂಟನ ನಡಿಗೆ. ಒಂದು ವರ್ಷ ಗುಡ್ಡ ಹತ್ತುತ್ತದೆ, ಮರುವರ್ಷ ಹಳ್ಳಕ್ಕೆ ಬೀಳುತ್ತದೆ. ಎಂಬತ್ತೆಂಟರ ಹಳ್ಳ ಎಷ್ಟು ಆಳವಿದೆಯೆಂದರೆ ಅದನ್ನು ಎಳೆಯುವಾಗ ಲೇಖನಿ ಹಾಳೆಯ ಅಂಚಿಗೆ ಬಂದುಬಿಟ್ಟಿತ್ತು. ಗುಡ್ಡದ ಮೇಲಿನ ಹೊಲಗಳನ್ನು ಜನ ಬಿಡುತ್ತಿದ್ದಾರೆ, ಬಿತ್ತುವ ನೆಲ ಕಡಿಮೆಯಾಗುತ್ತಿದೆ. ತಿನ್ನುವ ಬಾಯಿಗಳು ಮಾತ್ರ ಎರಡರಷ್ಟಾಗಿವೆ. ಕುಸ್ಕುಸ್ಸಿನ ರವೆಗೆ ಬೇಕಾದ ಗಟ್ಟಿ ಗೋಧಿ ನಮ್ಮದಾದರೂ ಟ್ಯೂನಿಸ್ಸಿನವರು ಬೆಳಿಗ್ಗೆ ಕಂಕುಳಲ್ಲಿ ಹಿಡಿದು ಹೋಗುವ ಉದ್ದನೆಯ ಬ್ರೆಡ್ಡಿನ ಗೋಧಿ ಹಡಗಿನಲ್ಲೇ ಬರಬೇಕು. ಗೆರೆ ಏರಿದಷ್ಟೂ ಹಡಗುಗಳು ಹೆಚ್ಚುತ್ತಿವೆ. ಇದನ್ನು ವರದಿಯಲ್ಲಿ ಬರೆದೆ. ಮೇಲಿನವರು, "ಸಿ ಲಮೀನ್, ಇದು ಸಂತೋಷದ ವರದಿ, ಹಡಗಿನ ಮಾತು ಬಿಡಿ" ಎಂದರು. ಬಿಟ್ಟೆ.

ನಿನ್ನ ಅತ್ತೆಗೆ ಉತ್ತರ: ಈ ಗೆರೆಯನ್ನು ಬೀಸಿದರೆ ಒಂದು ಮುಷ್ಟಿ ಹಿಟ್ಟೂ ಬರುವುದಿಲ್ಲ.

ಆದರೆ ಈ ವರ್ಷ ನೋಡು. ಎಲ್ಲ ಪ್ರಾಂತ್ಯಗಳಿಂದಲೂ ಒಂದೇ ಸುದ್ದಿ. ಇಪ್ಪತ್ತು ಲಕ್ಷ ಟನ್ನು ಖಂಡಿತ ದಾಟುತ್ತದೆ, ಹಿಂದಿನ ಎಲ್ಲ ವರ್ಷಗಳ ತಲೆಯ ಮೇಲೆ ಕೂರುತ್ತದೆ. ನನ್ನ ಕೊನೆಯ ಚುಕ್ಕೆ ಹಾಳೆಯ ತುದಿಯಲ್ಲಿ ಬೀಳಲಿದೆ. ಹಾಗೆ ಬಿದ್ದ ದಿನ ಲೇಖನಿಯನ್ನು ತೊಳೆದು ಪೆಟ್ಟಿಗೆಗೆ ಹಾಕಿ, ನಿನ್ನ ಕಣಕ್ಕೆ ಬಂದು ಕೂರುತ್ತೇನೆ. ಜೂನ್ ಕೊನೆಯ ವಾರ. ಮಾತು ಕೊಟ್ಟೆ.

ಇತಿ,
ಲಮೀನ್

*

ಐನ್ ಸಫ್ಸಾಫ್
೧೪ ಮೇ ೧೯೯೧

ಬಾಬಾ,

ನೀನು ಮಾತು ಕೊಟ್ಟದ್ದನ್ನು ಅತ್ತೆಗೆ ಓದಿ ಹೇಳಿದೆ. ಅವಳು ಆಗಲೇ ಕೋಣೆಗೆ ಸುಣ್ಣ ಬಳಿಯಲು ಶುರು ಮಾಡಿದ್ದಾಳೆ. "ಕಚೇರಿ ಮನುಷ್ಯ ಬರ್ತಾನೆ, ಗೋಡೆ ಕೈಗೆ ಹತ್ತಿದ್ರೆ ಅದಕ್ಕೂ ಹತ್ತನೇ ಒಂದು ಸೇರಿಸ್ತಾನೆ" ಎನ್ನುತ್ತಾಳೆ. ನಿನ್ನನ್ನು ಎರಡೇ ಸಲ ನೋಡಿದ್ದಾಳೆ, ಆದರೂ ನಿನ್ನ ಮೇಲೆ ಅವಳಿಗೆ ಸಲಿಗೆ.

ಹಸಿ ತೆನೆ ತಂದು ಬೆಂಕಿಯಲ್ಲಿ ಸುಟ್ಟು, ಉಜ್ಜಿ, ಒಣಗಿಸಿ ಇಟ್ಟಿದ್ದೇನೆ. ನೀನು ಬಂದಾಗ ಅದರ ಸಾರು. ಹೊಗೆಯ ವಾಸನೆಗೆ ಅಮ್ಮನ ನೆನಪಾಯಿತು. ಅವಳು ಇದನ್ನು ಟ್ಯೂನಿಸ್ಸಿನ ಅಂಗಡಿಯಿಂದ ತಂದು, "ಹೊಗೇನೇ ಇಲ್ವಲ್ಲ ಇದರಲ್ಲಿ" ಎಂದು ಪ್ರತಿ ಸಲ ಗೊಣಗುತ್ತಿದ್ದಳು, ನೆನಪಿದೆಯಾ?

ಹೊಲದ ಬಗ್ಗೆ ಏನೂ ಬರೆಯಲು ಬಿಡುವುದಿಲ್ಲ ಈ ಮುದುಕಿ. ಕಾಗದ ಹತ್ತು ಕೈ ದಾಟಿ ಹೋಗುತ್ತದಂತೆ, ಹತ್ತು ಕೈಗೂ ಕಣ್ಣಿರುತ್ತದಂತೆ. ಆದರೆ ನಿನಗೆ ಇಷ್ಟು ಹೇಳುತ್ತೇನೆ. ನಿನ್ನೆ ಕೆಳಗಿನ ಹೊಲದ ನಡುವೆ ನಡೆದು ಹೋದೆ, ಮಬ್ರೂಕಾ ದಾರಿಯಲ್ಲಿ ನಿಂತು ನನ್ನನ್ನು ಕರೆದಳು, ಅವಳಿಗೆ ನಾನು ಕಾಣಿಸಲಿಲ್ಲ. ಬೂಜಮಾ ಹೋದ ಮೇಲೆ ಮೊದಲ ಸಲ ನನಗೆ ಯಾವ ಯೋಚನೆಯೂ ಇಲ್ಲದೆ ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.

ಅದಕ್ಕೇ ಬಾ ಎನ್ನುತ್ತಿದ್ದೇನೆ. ಇದನ್ನು ಬರೆದು ತಿಳಿಸಲು ಬರುವುದಿಲ್ಲ, ನೀನೇ ನೋಡಬೇಕು.

ಬೆಳೆ ಹೇಗಿದೆ? ಸ್ವಲ್ಪ, ಬಾಬಾ. ಬಹಳ ಸ್ವಲ್ಪ.

ನಿನ್ನ,
ಜಾಝಿಯಾ

*

ಬಾರ್ದೋ, ಟ್ಯೂನಿಸ್
೨೯ ಮೇ ೧೯೯೧

ಪ್ರಿಯ ಜಾಝಿಯಾ,

ಒಂದು ಅಡಚಣೆ. ವರದಿ ಜುಲೈ ಕೊನೆಯ ಸಮಾರಂಭಕ್ಕೆ ಬೇಕು ಎಂದಿದ್ದಾರೆ. ದಾಖಲೆಯ ವರ್ಷವಲ್ಲವೆ, ಎಲ್ಲರಿಗೂ ಅವಸರ. ಜೂನ್ ಪೂರ್ತಿ ನಾನು ಮೇಜು ಬಿಟ್ಟು ಏಳುವಂತಿಲ್ಲ. ರಿದಾನಿಗೆ ಒಪ್ಪಿಸಿ ಬರಬಹುದಿತ್ತು. ಆದರೆ ಕೊನೆಯ ಚುಕ್ಕೆಯನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರುತ್ತಿಲ್ಲ. ಮೂವತ್ತು ವರ್ಷ ಕಾದಿದ್ದೇನೆ.

ಗೋಧಿ ಎಲ್ಲಿಗೂ ಓಡಿಹೋಗುವುದಿಲ್ಲ. ಬರುವ ವರ್ಷ ನಿವೃತ್ತನಾಗಿ ಬಂದು ಇಡೀ ಬೇಸಿಗೆ ಇರುತ್ತೇನೆ. ಹ್ಲೀಮಾಬೀಬಿಗೆ ಸುಣ್ಣದ ಖರ್ಚಿನ ಬಗ್ಗೆ ಕ್ಷಮೆ ಕೇಳಿದೆನೆಂದು ಹೇಳು.

ಮನೆಯ ಕಡೆ ಎಲ್ಲ ಗದ್ದಲ, ಜನ ಬಂದು ಹೋಗಿ ಮಾಡುತ್ತಲೇ ಇದ್ದಾರೆ. ನಿನ್ನ ಕುಯ್ಲಿನ ಸುದ್ದಿ ತಪ್ಪದೆ ಬರೆ.

ಇತಿ,
ಲಮೀನ್

*

ಐನ್ ಸಫ್ಸಾಫ್
೧೦ ಜೂನ್ ೧೯೯೧

ಬಾಬಾ,

ನಿನ್ನ ಪತ್ರ ತಲುಪಿತು. ಕೆಲಸ ದೊಡ್ಡದು, ಮುಗಿಸು. ಏನೂ ಬೇಸರವಿಲ್ಲ.

ಇಲ್ಲಿ ಎಲ್ಲ ಮುಗಿಯಿತು. ಈ ವರ್ಷ ಬೇಕಾದಷ್ಟು ಬಂತು. ಎಲ್ಲಿ ಇಡುವುದೆಂದು ತಿಳಿಯುತ್ತಿಲ್ಲ, ಹಗೇವು ತುಂಬಿ ಮನೆಯೊಳಗೂ ರಾಶಿ. ಅತ್ತೆ ಬಹಳ ಖುಷಿಯಲ್ಲಿದ್ದಾಳೆ. ನಮಗೇನೂ ಕಡಿಮೆಯಿಲ್ಲ.

ಕೆಫ್‌ಗೆ ಹೋಗುವವರ ಕೈಯಲ್ಲಿ, ಅಲ್ಲಿಂದ ಅಂಚೆಗೆ ಹಾಕಲು, ಒಂದು ಡಬ್ಬ ಬಸೀಸಾ ಕಳಿಸಿದ್ದೇನೆ. ಗೋಧಿ, ಕಡಲೆ, ಸೋಂಪು ಹುರಿದು ನಾನೇ ಬೀಸಿದ ಹಿಟ್ಟು. ಬೆಳಿಗ್ಗೆ ಎಣ್ಣೆ, ಸಕ್ಕರೆ ಹಾಕಿ ಕಲಸಿಕೊಂಡು ತಿನ್ನು. ಒಬ್ಬನಿಗೆ ಬಹಳ ದಿನ ಬರುತ್ತದೆ.

ಜಾಝಿಯಾ

*

ಬಾರ್ದೋ, ಟ್ಯೂನಿಸ್
೧೯ ಜೂನ್ ೧೯೯೧

ಪ್ರಿಯ ಜಾಝಿಯಾ,

ಭಲೇ ಮಗಳೇ! ಪತ್ರ ಓದಿ ಎದ್ದು ನಿಂತೆ. ನಿನ್ನ ಹೊಲವೂ ದೇಶದ ಜೊತೆ ಹೆಜ್ಜೆ ಹಾಕಿದೆ. "ಸ್ವಲ್ಪ, ಸ್ವಲ್ಪ" ಎಂದು ಚಳಿಗಾಲವೆಲ್ಲ ಆಟವಾಡಿಸಿದವಳ ಬಾಯಲ್ಲಿ ಕೊನೆಗೂ "ಬೇಕಾದಷ್ಟು" ಎಂಬ ಮಾತು ಬಂತಲ್ಲ. ಓದಿದ ಹುಡುಗಿ ಎಂದರೆ ಇದು. ಮುದುಕಿಯ ಮೂಢನಂಬಿಕೆಗೆ ಸೊಪ್ಪು ಹಾಕದೆ ಇದ್ದುದನ್ನು ಇದ್ದಂತೆ ಬರೆದಿದ್ದೀ. ನಿನ್ನ ಪತ್ರವನ್ನು ಕಚೇರಿಗೆ ಒಯ್ದು ರಿದಾನಿಗೆ ತೋರಿಸಿದೆ. "ನೋಡಯ್ಯಾ, ಈ ಮಾತಿಗೆ ಹತ್ತನೇ ಒಂದು ಸೇರಿಸೋ ಅಗತ್ಯ ಇಲ್ಲ" ಎಂದೆ.

ಬಸೀಸಾ ಡಬ್ಬವನ್ನೂ ಒಯ್ದಿದ್ದೆ. ಹೇಗೂ ನಿನ್ನ ಮನೆಯಲ್ಲಿ ರಾಶಿ ಬಿದ್ದಿದೆಯಲ್ಲ, ಶಾಖೆಗೆಲ್ಲ ಹಂಚಿಬಿಟ್ಟೆ. ಹೊಸ ಗೋಧಿಯ ಘಮ ಎಂದು ಎಲ್ಲರೂ ಹೊಗಳಿದರು. ತಳದಲ್ಲಿ ನಾಲ್ಕು ಚಮಚ ನನಗೆ ಉಳಿಯಿತು.

ಒಟ್ಟು ಎಷ್ಟು ಕ್ವಿಂಟಲ್ ಬಂತು, ಹೆಕ್ಟೇರಿಗೆ ಎಷ್ಟು ಬಿತ್ತು, ಬರೆ. ಸುಮ್ಮನೆ, ನನ್ನ ಸಂತೋಷಕ್ಕೆ.

ಬಕ್ರೀದ್ ಹಬ್ಬದ ಶುಭಾಶಯ. ಇಲ್ಲಿ ಹಬ್ಬಕ್ಕೆ ಮನೆ ತುಂಬ ಜನ ಬರುವವರಿದ್ದಾರೆ.

ಇತಿ,
ಲಮೀನ್

*

ಬಾರ್ದೋ, ಟ್ಯೂನಿಸ್
೧೮ ಜುಲೈ ೧೯೯೧

ಜಾಝಿಯಾ,

ನಿನ್ನಿಂದ ಉತ್ತರವಿಲ್ಲ. ಮೊದಲು ಕೆಲಸದ ಗಡಿಬಿಡಿ ಎಂದುಕೊಂಡೆ. ಆಮೇಲೆ ಬಸೀಸಾ ಹಂಚಿದ್ದಕ್ಕೆ ಸಿಟ್ಟೇ ಎಂದುಕೊಂಡೆ.

ನಿನ್ನೆ ಸಂಜೆ ಮಾರುಕಟ್ಟೆಯಿಂದ ಬರುತ್ತಾ ಮೆಟ್ಟಿಲ ಮೇಲೆ ಕೆಳಮನೆಯ ಲಲ್ಲಾ ಝಕಿಯಾ ಸಿಕ್ಕಳು. "ಸಿ ಲಮೀನ್, ಕಾಣಿಸೋದೇ ಇಲ್ಲ. ಹಬ್ಬಕ್ಕೆ ಯಾರಾದ್ರೂ ಬಂದಿದ್ರಾ?" ಎಂದು ಕೇಳಿದಳು. ನಾನು ಒಂದು ಕ್ಷಣವೂ ಯೋಚಿಸದೆ, "ಅಯ್ಯೋ, ಬೇಕಾದಷ್ಟು ಜನ. ಕಾಲಿಡೋಕೆ ಜಾಗ ಇರ್ಲಿಲ್ಲ" ಎಂದೆ. ಅವಳು ನನ್ನ ಚೀಲದ ಕಡೆ ನೋಡಿದಳು. ಅದರಲ್ಲಿ ಒಂದು ಸೌತೆಕಾಯಿ, ಅರ್ಧ ಬ್ರೆಡ್ಡು ಇತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಬಾಗಿಲಲ್ಲಿ ಏನೋ ಸದ್ದಾಯಿತು. ತೆಗೆದು ನೋಡಿದರೆ ಹೊಸ್ತಿಲ ಮೇಲೆ ಮುಚ್ಚಿಟ್ಟ ಒಂದು ಬಟ್ಟಲು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಆ ಬಟ್ಟಲನ್ನು ಎತ್ತಿಕೊಳ್ಳಲು ಬಗ್ಗಿದವನು ಹಾಗೇ ಬಾಗಿಲಲ್ಲಿ ಕೂತೆ. ಮಬ್ರೂಕಾಳ ಎಣ್ಣೆಯ ಬಾಟಲಿ ನೆನಪಾಯಿತು. ಆಮೇಲೆ ಒಳಗೆ ಬಂದು ನಿನ್ನ ಜೂನ್ ಹತ್ತರ ಪತ್ರ ತೆಗೆದೆ.

ಮಗಳೇ, ಜೂನ್ ಹತ್ತಕ್ಕೆ ಕೆಫ್ ಗುಡ್ಡದಲ್ಲಿ ಕುಯ್ಲು ಮುಗಿಯುವುದುಂಟೆ? ಆಗಿನ್ನೂ ಶುರುವೇ ಆಗಿರುವುದಿಲ್ಲ. ಯಾವ ಪ್ರಾಂತ್ಯದಲ್ಲಿ ಎಂದು ಕುಯ್ಲು ಎಂಬ ಪಟ್ಟಿಯನ್ನು ಮಾಡಿದವನೇ ನಾನು. ನನ್ನ ಅಮ್ಮನೂ ನೆನಪಾದಳು. ನಾನು ಚಿಕ್ಕವನಿದ್ದಾಗ ಒಂದು ವರ್ಷ ಮಿಡತೆ ಬಂದು ಹೊಲದಲ್ಲಿ ಕೂಳೆಯೂ ಉಳಿದಿರಲಿಲ್ಲ. ಅವಳು ಖಾಲಿ ಕಣವನ್ನು ಗುಡಿಸಿ, ಬಾಗಿಲಲ್ಲಿ ನಿಂತು, ಹೋಗಿ ಬರುವವರಿಗೆಲ್ಲ "ಬೇಕಾದಷ್ಟಿದೆ, ದೇವರು ಕೊಟ್ಟಿದಾನೆ" ಎನ್ನುತ್ತಿದ್ದಳು. ನಾನೂ ಅಂಥದೇ ಹಳ್ಳಿಯ ಮಣ್ಣಿನಲ್ಲಿ ಹುಟ್ಟಿದವನು. ತುಂಬಿದ ಮನೆ ದೃಷ್ಟಿಗೆ ಹೆದರುತ್ತದೆ, ಬರಿದಾದ ಮನೆ ಕನಿಕರಕ್ಕೆ ಹೆದರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಸ್ವಲ್ಪ" ಎಂದವರಿಗೆಲ್ಲ ಸೇರಿಸುತ್ತಾ ಬಂದೆ. "ಬೇಕಾದಷ್ಟು" ಎಂದವರಿಂದ ಕಳೆಯಬೇಕು ಎಂಬುದನ್ನು ಮರೆತೇಬಿಟ್ಟೆ.

ನಿನ್ನ ಪತ್ರವನ್ನು ಕಚೇರಿಯಲ್ಲಿ ತೋರಿಸಿದೆನಲ್ಲ, ನಾಚಿಕೆಯಾಗುತ್ತಿದೆ. ಡಬ್ಬದ ಹಿಟ್ಟನ್ನು ಹಂಚಿದ್ದಕ್ಕೆ ಇನ್ನೂ ಹೆಚ್ಚು ನಾಚಿಕೆ.

ನನ್ನ ಮನೆಗೆ ಯಾರೂ ಬರುವುದಿಲ್ಲ, ಜಾಝಿಯಾ. ಇಸ್ಪೀಟಿನ ಸ್ನೇಹಿತರಲ್ಲಿ ಇಬ್ಬರು ತೀರಿಕೊಂಡರು, ಒಬ್ಬ ಮಗನ ಜೊತೆ ಸ್ಫಾಕ್ಸ್‌ಗೆ ಹೋದ. ರಮದಾನಿನಲ್ಲಿ ಆ ಮೇಜಿನ ಮೂಲೆಯಲ್ಲಿ ಒಬ್ಬನೇ ಉಪವಾಸ ಬಿಡುತ್ತಿದ್ದೆ, ಗೆರೆಯನ್ನು ನೋಡುತ್ತಾ.

ಅಲ್ಲಿ ಏನಾಯಿತು? ಹೇಳದೆ ಬರುವ ಮುಖ ನನಗಿಲ್ಲ. ನೀನು ಬಾ ಎಂದರೆ ಬರುತ್ತೇನೆ. ಒಂದು ಸಾಲು ಸಾಕು.

ನಿನ್ನ ಬಾಬಾ

*

ಐನ್ ಸಫ್ಸಾಫ್
೨೭ ಜುಲೈ ೧೯೯೧

ಬಾಬಾ,

ಆಲಿಕಲ್ಲು ಬಿತ್ತು. ಮೇ ತಿಂಗಳ ಕೊನೆಯಲ್ಲಿ, ಒಂದು ಮಧ್ಯಾಹ್ನ. ಚಹಾ ಕುದಿಯುವಷ್ಟು ಹೊತ್ತು ಇರಬಹುದು. ಆಚೆ ದಿಬ್ಬದ ಹೊಲಗಳಿಗೆ ಒಂದು ಹನಿಯೂ ಬೀಳಲಿಲ್ಲ, ಅವರಿಗೆಲ್ಲ ನಿನ್ನ ದಾಖಲೆಯ ಬೆಳೆಯೇ ಬಂತು. ನಮ್ಮ ಹೊಲ, ಮಬ್ರೂಕಾಳ ಹೊಲ, ಕೆಳಗಿನ ಇನ್ನೆರಡು ಮನೆಯವರದು, ಅಷ್ಟೇ. ನಿಂತಲ್ಲೇ ತೆನೆ ಉದುರಿ ಮಣ್ಣಿಗೆ ಬಡಿದುಕೊಂಡಿತ್ತು. ನಾನು ಕೂತಿದ್ದ ಜಾಗಕ್ಕೆ ಹೋದೆ. ಈಗ ರಸ್ತೆಯಲ್ಲಿ ಹೋಗುವ ಎಲ್ಲರಿಗೂ ನಾನು ಕಾಣಿಸುತ್ತಿದ್ದೆ.

ಅತ್ತೆ ಅಳಲಿಲ್ಲ. ನನ್ನನ್ನೇ ಬೈದಳು. "ಹೊಲದ ಮಧ್ಯೆ ಹೋಗಿ ಕೂತಿದ್ದೆಯಲ್ಲ, ಅಷ್ಟು ಸಂತೋಷಪಡ್ತಾರೇನೇ ಯಾರಾದ್ರೂ!" ಅಂದಳು. ಆಮೇಲೆ ತಾನೇ ನನ್ನ ತಲೆ ಬಾಚಿದಳು. ಜೂನ್ ಮೊದಲ ವಾರ ಅವಳ ಮಗಳು ಬೇಜಾದಿಂದ ಬಂದು, "ಇಬ್ಬರಿಗೆ ಇಲ್ಲಿ ಏನಿದೆ" ಎಂದು ಅವಳನ್ನು ಕರೆದುಕೊಂಡು ಹೋದಳು. ಹೋಗುವಾಗ ಗಾಡಿಯಿಂದ ಕೂಗಿ ಹೇಳಿದಳು, "ಯಾರಾದ್ರೂ ಕೇಳಿದ್ರೆ ಬೇಕಾದಷ್ಟಿದೆ ಅನ್ನು." ಅವಳಿಗೆ ಸಮಾಧಾನವಾಗಲಿ ಎಂದು ನಾನು ಮೊದಲು ನಿನಗೇ ಹಾಗೆ ಅಂದೆ.

ಕುರಿ ಮಾರಿದೆ. ಹೇಸರಗತ್ತೆಯನ್ನು ಯಾರೂ ಕೊಳ್ಳಲಿಲ್ಲ. ಹೀಗಾಗಿ ಮಾತಾಡಲು ಅದೊಂದಿದೆ.

ಈಗ ಬಸೀಸಾ ವಿಷಯ. ಅದು ಹೊಸ ಗೋಧಿಯಲ್ಲ, ಹಗೇವಿನ ತಳದಲ್ಲಿದ್ದ ಹೋದ ವರ್ಷದ್ದು. ನಿನ್ನ ಕಚೇರಿಯವರಿಗೆ ಮೂಗು ಸರಿಯಿಲ್ಲ. ಹಂಚಿದ್ದು ಓದಿ ನನಗೆ ಕೋಪ ಬಂದದ್ದು ನಿಜ, ಅದಕ್ಕೇ ಬರೆಯಲಿಲ್ಲ. ಆದರೆ ಯಾಕೆ ಕಳಿಸಿದೆ ಎಂದು ನೀನು ಇನ್ನೂ ತಿಳಿದುಕೊಂಡಿಲ್ಲ ಅಂತ ಕಾಣುತ್ತದೆ. ನಮಗೆ ಬೇಕಾದಷ್ಟಿದೆ ಎಂದು ತೋರಿಸಲು ಅಲ್ಲ ಬಾಬಾ. ಎರಡು ವರ್ಷದಿಂದ ಪ್ರತಿ ಕಾರ್ಡಿನಲ್ಲೂ ನೀನು "ಮನೆ ತುಂಬ ಜನ" ಎಂದು ಬರೆಯುತ್ತಿದ್ದೆ. ಮೊದಲ ಸಲ ಓದಿದಾಗಲೇ ಅತ್ತೆ, "ಪಾಪ, ನಿಮ್ಮಪ್ಪ ಒಬ್ಬನೇ ಇದಾನೆ" ಅಂದಳು. ನನಗೂ ಗೊತ್ತಿತ್ತು. ಹಟ ಬಿಟ್ಟು ಮೊದಲು ಪತ್ರ ಬರೆದದ್ದು ಅದಕ್ಕೆ. ಕುಯ್ಲಿಗೆ ಬಾ ಬಾ ಎಂದು ಗೋಗರೆದದ್ದೂ ಅದಕ್ಕೆ. ನೀನು ಬರುವುದಿಲ್ಲ ಎಂದಾಗ, ನನ್ನ ಕೈಗೆ ಎಟುಕುವ ನಿನ್ನ ಹೊಸ್ತಿಲು ಅಂಚೆಯೊಂದೇ ಆಗಿತ್ತು. ಅಲ್ಲಿ ಡಬ್ಬ ಇಟ್ಟೆ.

ನೀನು ಬರುವಾಗ ಗೋಧಿ, ರವೆ ಎಂದು ಹೊತ್ತುಕೊಂಡು ಬರುತ್ತೀ, ನನಗೆ ಗೊತ್ತು. ತಾ, ಬೇಡವೆನ್ನುವುದಿಲ್ಲ. ಆದರೆ ಹೊಸ್ತಿಲ ಮೇಲೆ ಇಟ್ಟು ಹೋಗುವುದು ಬೇಡ. ಒಳಗೆ ಬಾ. ಸುಣ್ಣ ಬಳಿದ ಕೋಣೆ ಹಾಗೇ ಇದೆ.

ಮೇ ತಿಂಗಳಲ್ಲಿ ಸುಟ್ಟಿಟ್ಟ ಹಸಿ ತೆನೆ ಒಂದು ಮಡಕೆ ಉಳಿದಿದೆ. ಅದನ್ನು ಮುಟ್ಟಿಲ್ಲ.

ಜಾಝಿಯಾ

*

ಬಾರ್ದೋ, ಟ್ಯೂನಿಸ್
೨೦ ಅಕ್ಟೋಬರ್ ೧೯೯೧

ಪ್ರಿಯ ಜಾಝಿಯಾ,

ನಿನ್ನಲ್ಲಿಂದ ಹೊರಟವನು ಸುಖವಾಗಿ ಮನೆ ತಲುಪಿದೆ. ಪಿಂಚಣಿಯ ಕಾಗದಗಳಿಗೆ ಸಹಿ ಹಾಕಿದ್ದಾಯಿತು. ಮನೆಯ ಬೀಗ ತೆಗೆದಾಗ ಒಳಗೆ ಧೂಳಿನ ವಾಸನೆ, ಮೇಜಿನ ಮೇಲೆ ಹಳೆಯ ಹಾಳೆಗಳು. ಎರಡು ತಿಂಗಳು ಹೇಸರಗತ್ತೆಯ ಜೊತೆ ಬೈಸಿಕೊಂಡವನಿಗೆ ಇಲ್ಲಿನ ಮೌನ ಕಿವಿಗೆ ಕಷ್ಟವಾಯಿತು.

ವರದಿ ಅಚ್ಚಾಗಿದೆ. ರಟ್ಟಿನ ಮೇಲೆಯೇ ನನ್ನ ಗೆರೆ ಇದೆ, ಕೊನೆಯ ಚುಕ್ಕೆ ತುತ್ತತುದಿಯಲ್ಲಿ. ಅದು ಸುಳ್ಳಲ್ಲ, ದೇಶಕ್ಕೆ ನಿಜವಾಗಿ ಅಷ್ಟು ಬೆಳೆ ಬಂತು. ಭೂತಗನ್ನಡಿ ಹಿಡಿದು ನೋಡಿದೆ. ಆ ಚುಕ್ಕೆಯಲ್ಲಿ ಎಲ್ಲೂ ನೀನಿಲ್ಲ. ಒಂದು ಹೊಲ ನೆಲಕ್ಕೆ ಬಿದ್ದರೆ ಆ ಗೆರೆ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಇದು ನನಗೆ ಮೊದಲಿನಿಂದಲೂ ಗೊತ್ತಿದ್ದದ್ದೇ. ಆದರೂ ಮತ್ತೆ ಮತ್ತೆ ಹುಡುಕಿದೆ.

ಹಳೆಯ ಲೇಖನಿಯನ್ನು ರಿದಾನಿಗೆ ಕೊಟ್ಟೆ. ಲಲ್ಲಾ ಝಕಿಯಾಳ ಬಟ್ಟಲನ್ನು ನಿನ್ನ ಮನೆಯ ಬಾದಾಮಿ ತುಂಬಿಸಿ ಅವಳ ಹೊಸ್ತಿಲ ಮೇಲಿಟ್ಟೆ. ನಿನ್ನಲ್ಲಿಗೆ ಮರಳುವಾಗ ಹ್ಲೀಮಾಬೀಬಿಯನ್ನು ಕರೆದುಕೊಂಡು ಬರಲು ಬೇಜಾದಲ್ಲಿ ಇಳಿಯುತ್ತೇನೆ. ಅವಳ ಬೈಗುಳವನ್ನು ಬಸ್ಸಿನಲ್ಲೇ ಕೇಳಿ ಮುಗಿಸುತ್ತೇನೆ. ಬಿತ್ತನೆ ಬೀಜ ಜೊತೆಯಲ್ಲೇ ತರುತ್ತಿದ್ದೇನೆ. ಮೊದಲ ಮಳೆ ಬರುವುದರೊಳಗೆ ನಾವು ಅಲ್ಲಿರುತ್ತೇವೆ.

ಕಚೇರಿಯಲ್ಲಿ ಎಲ್ಲರೂ ಸುತ್ತುವರಿದು ನಿಂತು, "ಸಿ ಲಮೀನ್, ಮಗಳ ಮನೇಲಿ ಹೇಗಿದೆ? ನಿಮಗೆ ಹೊತ್ತು ಹೋಗುತ್ತಾ ಅಲ್ಲಿ?" ಎಂದು ಕೇಳಿದರು. ನನ್ನ ಬಾಯಿ ತಾನಾಗಿಯೇ ದನಿ ತಗ್ಗಿಸಿತು.

"ಏನೋ ಸ್ವಲ್ಪ ಕಣಯ್ಯಾ" ಎಂದೆ. "ಸ್ವಲ್ಪ, ದೇವರ ದಯೆ."

ನಿನ್ನ ಬಾಬಾ